ಅವ್ವಗ, ಬ್ರಿಸ್ಬೇನ್‌ದಿಂದ

ಅವ್ವ, ಶರಣು. ನಾವೆಲ್ಲಾ ಆರಾಮ ಇದ್ದೀವಿ. ತೊಗರಿ ರಾಶಿ ಮುಗೀತಂತ ವೈನಿ ಬರ್ದಿದ್ರು, ಛಲೋ ಆತು.

"ನನ್ನ ಕಿಡ್ನಿಯಿಂದ ಮಲ್ಲಣ್ಣಗ ಕ್ಯಾನ್ಸರ್ ಬರ್ತದೇನು" ಅಂತ ಕೇಳೀದಿ. ಹಂಗ ತಿಳ್ಕೋಬ್ಯಾಡವ್ವ. ಕಿಡ್ನಿ ತಗೊಳ್ಳೂಕಿಂತ ಮೊದ್ಲ ನಿನಗ ಸ್ಕ್ಯಾನ್, ಎದಿ ಪರೀಕ್ಷಾ, ಗರ್ಭಚೀಲದ ಬಾಯಿ ಪರೀಕ್ಷಾ ಅಂತ ಅಷ್ಟು ಸಲ ಅಡ್ಡಾಡಿಸಿದ್ದು ಇದಕ್ಕ. ದಾನಿ ಕಡಿಂದ ಕ್ಯಾನ್ಸರ್ ದಾಟೂದು ಭಾಳ ಅಪರೂಪ. ಒಂದು ಕಿಡ್ನಿ ಕೊಟ್ಟಿದ್ದಕ್ಕ ನಿನಗೂ ಆ ಅಪಾಯ ಹೆಚ್ಚಾಗಂಗಿಲ್ಲ.

ಅಣ್ಣಗ ಅಪಾಯನೇ ಇಲ್ಲಂತ ಸುಳ್ಳ ಹೇಳಂಗಿಲ್ಲ. ಕಿಡ್ನಿ ಹಾಕಿಸ್ಕೊಂಡವ್ರಿಗೆ ಉಳಿದವ್ರಿಗಿಂತ ಸುಮಾರು 2-3 ಪಟ್ಟು ಹೆಚ್ಚು. ಮುಖ್ಯ ಕಾರಣ ಗುಳಗಿ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಎರಡೂ ದೇಹದ ಕಾವಲು ತಗ್ಗಸ್ತಾವ, ಇಲ್ಲಂದ್ರ ಅವನ ದೇಹ ನಿನ್ನ ಕಿಡ್ನಿ ಮ್ಯಾಲ ಬೀಳ್ತದ. ಆದ್ರ ಕೆಟ್ಟ ಜೀವಕೋಶ ಕೊಲ್ಲೂದು, ಒಳಗ ಮಲಗಿದ ವೈರಸ್ ಅದುಮಿ ಇಡೂದು ಸೈತ ಅದೇ ಕಾವಲು.

ಹಂಗಂತ ಗುಳಗಿ ಬಿಟ್ಟು ನಾಟಿ ಔಷಧ ಹಿಡೀತೀನಿ ಅಂತಾನಲ್ಲ, ನನಗ ಹೆದ್ರಿಕಿ ಆಗಿದ್ದು ಅದಕ್ಕ. ಕೆಲವು ದಿನ ಬಿಟ್ರೂ ಕಿಡ್ನಿ ಕೆಡಬಹುದು, ಮತ್ತ ವಾರಕ್ಕ 3 ಸಲ ಡಯಾಲಿಸಿಸ್. ನಾಟಿ ಪುಡಿ ರಕ್ತದಾಗಿನ ಔಷಧದ ಮಟ್ಟ ಏರಪೇರು ಮಾಡ್ತದ. ಮುಂಜಾನಿ 8, ರಾತ್ರಿ 8, ವ್ಯಾಳ್ಯಾ ತಪ್ಪಬಾರ್ದು. ರಕ್ತ ಪರೀಕ್ಷಾ ದಿನ ಮುಂಜಾನಿ ಗುಳಗಿ ನುಂಗದೇ ಹೋಗ್ಲಿ, ರಕ್ತ ಕೊಟ್ಟ ಮ್ಯಾಲ ನುಂಗ್ಲಿ. ಮೊದ್ಲೇ ನುಂಗಿದ್ರ ಮಟ್ಟ ಹೆಚ್ಚು ತೋರಿಸ್ತದ, ಡಾಕ್ಟರ್ ಅದನ್ನ ನಂಬಿ ಡೋಸ್ ಇಳಸ್ತಾರ. ಕಿಡ್ನಿ ಉಳಿಯುವಷ್ಟೇ ಡೋಸ್ ಇರಬೇಕು ಖರೆ, ಅದನ್ನ ಇಳಸೂದು ಮಾತ್ರ ಅವ್ರ ಕೈಯಾಗ.

ಸೋನೋಗ್ರಫಿ ಮಾಡ್ಸುವಾಗ ವೈನಿ ಜೋಡಿ ಇರ್ಲಿ. ಹೊಟ್ಟಿ ಕೆಳಗ ಬಲಕ್ಕಿರೋ ಹೊಸ ಕಿಡ್ನಿ ಒಂದೇ ನೋಡಿ ಎಬ್ಬಸಬಾರ್ದು. ಬೆನ್ನ ಕಡಿಗಿನ ಹಳೇವು ಎರಡೂ ಒಳಗೇ ಅದಾವ. ಡಯಾಲಿಸಿಸ್ ವರ್ಷಗಳಾಗ ಅವುಗಳ ಮ್ಯಾಲ ನೀರಗುಳ್ಳಿ ಏಳ್ತಾವ, ಕ್ಯಾನ್ಸರ್ ಹುಟ್ಟೂ ಜಾಗಾ ಅದು. "ಮೂರೂ ನೋಡ್ರಿ" ಅಂತ ಬಾಯಿಬಿಟ್ಟು ಹೇಳ್ರಿ.

ಕುತ್ತಿಗಿ, ಕಂಕುಳ, ತೊಡಿಸಂದಿಯೊಳಗ ಗಂಟು, ಬಿಡದ ಜ್ವರ, ತೂಕ ಇಳಿಯೂದು ಕಂಡ್ರ ತಡ ಮಾಡಬ್ಯಾಡ್ರಿ. ಮೊದಲ ವರ್ಷ ಇದರ ಕಾಳಜಿ ಹೆಚ್ಚು ಬೇಕು, ಅವಂದು ಇನ್ನ ವರ್ಷ ತುಂಬಿಲ್ಲ. ಬಾಯಾಗಿನ ಹುಣ್ಣು 3 ವಾರದಾಗ ಮಾಯದಿದ್ರ ತೋರಿಸ್ರಿ. ಗುಟ್ಕಾ ಮನಿಯೊಳಗೇ ಬರಬಾರ್ದು.

ಇಲ್ಲಿ ಹವಾಮಾನ ಸುದ್ದಿಯೊಳಗ ಮಳಿ ಜೋಡಿ ಬಿಸಲಿನ ಕಿರಣದ ಅಂಕಿನೂ ಹೇಳ್ತಾರ, ಟೊಪಗಿ ಇಲ್ಲದ ಮಕ್ಕಳಿಗೆ ಶಾಲಿ ಮೈದಾನಕ್ಕ ಬಿಡಂಗಿಲ್ಲ. ಬಿಳಿ ಚರ್ಮದವ್ರಿಗೆ ಕಿಡ್ನಿ ಹಾಕಿದ ಮ್ಯಾಲ ಚರ್ಮದ ಕ್ಯಾನ್ಸರ್ರೇ ಹೆಚ್ಚು. ನಮ್ಮವ್ರಿಗೆ ಭಾಳ ಕಡಿಮಿ. ಆದ್ರೂ ಕಲಬುರಗಿ ಬಿಸಲಿನಾಗ ಹೊಲಕ್ಕ ಹೋಗುವಾಗ ಉದ್ದ ತೋಳಿನ ಅಂಗಿ, ತಲಿಗೆ ರುಮಾಲು ಇರ್ಲಿ.

ವೈನಿ ಇದನ್ನ ಅಣ್ಣಗ ಎರಡು ಸಲ ಓದಿ ಹೇಳ್ಲಿ. ಏನೂ ಆಗಂಗಿಲ್ಲವ್ವ, ಖರೇನ ಏನೂ ಆಗಂಗಿಲ್ಲ. ಗುಳಗಿ ರೊಕ್ಕ ಸೋಮವಾರ ಹಾಕ್ತೀನಿ, ಸಾಲ ಮಾಡಬ್ಯಾಡ್ರಿ. ಡ್ಯೂಟಿ ವ್ಯಾಳ್ಯಾ ಆತು.

ನಿನ್ನ,
ಶಿವು