ಪ್ರಜ್ಞೆ ತಪ್ಪುವ ಮುನ್ಸೂಚನೆ: ಸುಳ್ಳು ಎಚ್ಚರಿಕೆಗಳ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಸ್ಮಾರ್ಟ್‌ವಾಚ್‌ನಂತಹ ಸಾಧನಗಳ ಸೆನ್ಸರ್‌ಗಳಿಂದ, ವ್ಯಕ್ತಿ ಪ್ರಜ್ಞೆ ತಪ್ಪಿ ಬೀಳುವುದನ್ನು ಮುಂಚಿತವಾಗಿ ತಿಳಿಯುವ ಸಂಶೋಧನೆಗಳು ನಿಜಕ್ಕೂ ಸ್ವಾಗತಾರ್ಹ. ಕೆಲವು ವಾಚ್‌ಗಳಲ್ಲಿ ಈಗಾಗಲೇ ಇರುವ ಸೌಲಭ್ಯವು ಬಿದ್ದ ಮೇಲೆ ನೆರವಿಗೆ ಕರೆ ಕಳಿಸುತ್ತದೆಯೇ ಹೊರತು, ತಲೆಗೆ ಪೆಟ್ಟಾಗುವುದನ್ನಾಗಲಿ ಸೊಂಟದ ಮೂಳೆ ಮುರಿಯುವುದನ್ನಾಗಲಿ ತಡೆಯಲಾರದು.

ಪ್ರಜ್ಞೆ ತಪ್ಪಲು ಅತಿ ಸಾಮಾನ್ಯ ಕಾರಣವಾದ ವೇಸೋವೇಗಲ್ ಸಿಂಕೊಪಿಯಲ್ಲಿ ರಕ್ತನಾಳಗಳು ಹಿಗ್ಗಿ, ರಕ್ತದೊತ್ತಡ ಕುಸಿದು, ಹಲವರಲ್ಲಿ ಹೃದಯಬಡಿತವೂ ನಿಧಾನವಾಗಿ, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ವಾಚು ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ ನಾಡಿಯನ್ನೂ, ಬಡಿತಗಳ ನಡುವಿನ ಅಂತರದ ಏರಿಳಿತವನ್ನೂ ಗುರುತಿಸುವುದರಿಂದ, ಈ ಬದಲಾವಣೆಯ ಸುಳಿವು ಅದಕ್ಕೆ ಮೊದಲೇ ಸಿಗುವ ಸಾಧ್ಯತೆಯಿದೆ. ಸಿಕ್ಕ ಆ ಅಲ್ಪ ಸಮಯದಲ್ಲಿ ನೆಲದ ಮೇಲೆ ಮಲಗಿದರೆ, ಅದಾಗದಿದ್ದಲ್ಲಿ ಕಾಲುಗಳನ್ನು ಅಡ್ಡಹಾಕಿ ತೊಡೆಯ ಸ್ನಾಯುಗಳನ್ನು ಬಿಗಿಹಿಡಿದರೆ, ಎಷ್ಟೋ ಬಾರಿ ಪ್ರಜ್ಞೆ ತಪ್ಪುವುದೇ ನಿಲ್ಲುತ್ತದೆ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2018ರ ಮಾರ್ಗಸೂಚಿಯೂ ಇಂತಹ ಸ್ನಾಯು ಬಿಗಿತದ ಕ್ರಮಗಳನ್ನು ಹೇಳುತ್ತದೆ.

ಆದರೆ ಇಂತಹ ಮುನ್ಸೂಚನೆಯ ಸಾಧನಗಳನ್ನು ಪರೀಕ್ಷಿಸಲು ಹೆಚ್ಚಾಗಿ ಬಳಕೆಯಾಗುವುದು ಆಸ್ಪತ್ರೆಯ ಟಿಲ್ಟ್ ಟೇಬಲ್. ರೋಗಿಯನ್ನು ಪಟ್ಟಿಯಿಂದ ಬಿಗಿದು ಮೇಜನ್ನು ಓರೆಯಾಗಿ ನಿಲ್ಲಿಸಿದಾಗ ಆತ ಅಲ್ಲಾಡುವುದಿಲ್ಲ. ಮನೆಯಲ್ಲಿಯಾದರೋ ಮೆಟ್ಟಿಲು ಹತ್ತುತ್ತಾನೆ, ಕೈ ಬೀಸುತ್ತಾನೆ, ಆಗ ನಾಡಿಯ ಸಂಕೇತವೂ ಕದಡುತ್ತದೆ. ಒಂದು ಸರಳ ಲೆಕ್ಕ ನೋಡಿ: ಎಚ್ಚರವಿರುವ 16 ಗಂಟೆಗಳಲ್ಲಿ ಐದು ನಿಮಿಷಕ್ಕೊಮ್ಮೆ ಪರೀಕ್ಷಿಸಿದರೆ ದಿನಕ್ಕೆ 192 ಬಾರಿಯಾಯಿತು. ನೂರರಲ್ಲಿ ಒಂದೇ ಬಾರಿ ತಪ್ಪಿದರೂ ದಿನಕ್ಕೆ ಸುಮಾರು ಎರಡು ಸುಳ್ಳು ಎಚ್ಚರಿಕೆಗಳು ಬರುತ್ತವೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಪ್ರಜ್ಞೆ ತಪ್ಪುವವರು ವಾರ ಕಳೆಯುವುದರೊಳಗೆ ಅದನ್ನು ಆಫ್ ಮಾಡಿಬಿಟ್ಟರೆ ಅವರನ್ನು ದೂರುವಂತಿಲ್ಲ. ನಿಖರತೆ ಶೇಕಡಾ ಇಷ್ಟು ಎಂಬ ಒಂದೇ ಸಂಖ್ಯೆಯಿಂದ ಇದು ತಿಳಿಯುವುದೇ ಇಲ್ಲ.

ಇನ್ನೂ ಗಂಭೀರವಾದ ಆತಂಕವೆಂದರೆ, ಹೃದಯದ ಲಯ ತಪ್ಪಿ ಪ್ರಜ್ಞೆ ಹೋಗುವವರಿಗೆ ಯಾವ ಮುನ್ಸೂಚನೆಯೂ ಸಿಗದಿರಬಹುದು. ವಾಚು ಸುಮ್ಮನಿದೆ ಎಂಬ ಧೈರ್ಯದಿಂದ ಅವರು ವೈದ್ಯರ ಬಳಿ ಹೋಗದಿದ್ದರೆ ಪ್ರಾಣಕ್ಕೇ ಅಪಾಯ. ಶ್ರಮದ ಕೆಲಸ ಮಾಡುವಾಗಲೋ ಮಲಗಿದ್ದಾಗಲೋ ಪ್ರಜ್ಞೆ ತಪ್ಪಿದವರು ತಡಮಾಡದೆ ಹೃದಯ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಆದ್ದರಿಂದ ತಯಾರಕರು ದೈನಂದಿನ ಬಳಕೆಯಲ್ಲಿ ದಿನಕ್ಕೆ ಎಷ್ಟು ಸುಳ್ಳು ಎಚ್ಚರಿಕೆಗಳು ಬಂದವು, ವೃದ್ಧರಲ್ಲಿ, ಹೃದಯಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ಹಾಗೂ ನಾಡಿಯೇ ಅನಿಯಮಿತವಾಗಿರುವವರಲ್ಲಿ ಸಾಧನ ಹೇಗೆ ಕೆಲಸ ಮಾಡಿತು ಎಂಬುದನ್ನು ಬಹಿರಂಗಪಡಿಸಬೇಕು. ಪತ್ರಿಕೆಗಳೂ ಇಂತಹ ಸುದ್ದಿ ಪ್ರಕಟಿಸುವಾಗ ಪರೀಕ್ಷೆ ಎಲ್ಲಿ, ಯಾರ ಮೇಲೆ ನಡೆಯಿತೆಂದು ತಿಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ