ವೋಟು ಹಾಕಬಹುದು, ನಿಲ್ಲೋ ಹಾಗಿಲ್ಲ

ನಮ್ಮ ಸಂಘದ ಪತ್ರಿಕೆಯನ್ನು ಮುದ್ರಣಕ್ಕೆ ಕಳಿಸಲು ಎರಡೇ ಗಂಟೆ ಉಳಿದಿದೆ, ಮುಖಪುಟ ಇನ್ನೂ ಬಂದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಕನ್ನಡ ತರಗತಿಯಲ್ಲಿ ಭಾರತದ ಚುನಾವಣೆಯ ಪಾಠ ನಡೆಯುವಾಗ ಹುಡುಗಿಯೊಬ್ಬಳು ಕೇಳಿದಳಂತೆ: “ವೋಟು ಹಾಕೋಕೆ ಹದಿನೆಂಟು ಸಾಕು, ನಿಲ್ಲೋಕೆ ಯಾಕೆ ಇಪ್ಪತ್ತೈದು ಆಗ್ಬೇಕು ಮೇಷ್ಟ್ರೇ?” ಉತ್ತರ ಮುಂದಿನ ವಾರಕ್ಕೆ ಹೋಯಿತು. ಪದಾಧಿಕಾರಿಯಾಗಲು ಯಾರು ನಿಲ್ಲಬಹುದು ಎಂದು ಹೇಳುವ ನಮ್ಮ ಸಂಘದ ಬೈಲಾ (ನಿಯಮಾವಳಿ) ತಿದ್ದುಪಡಿಯ ಕರಡು ನಿಮ್ಮ ಕೈಯಲ್ಲಿರುವ ಹೊತ್ತಿದು, ಪ್ರಶ್ನೆ ನಮಗೂ ಸಲ್ಲುತ್ತದೆ.

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ, 1989ರಲ್ಲಿ. ಲೋಕಸಭೆಗೆ ನಿಲ್ಲುವ ವಯಸ್ಸು 25ರಲ್ಲೇ ಉಳಿಯಿತು; ಪಂಚಾಯಿತಿಗೆ 21. ಬ್ರಿಟನ್ 2006ರ ಕಾನೂನಿನಲ್ಲಿ ನಿಲ್ಲುವ ವಯಸ್ಸನ್ನೂ 18ಕ್ಕೆ ತಂದಿತು. ನನಗೆ ವಯಸ್ಸಿನ ಷರತ್ತು ಅಷ್ಟೇನೂ ಚುಚ್ಚುವುದಿಲ್ಲ, ಕಾದರೆ ಎಲ್ಲರಿಗೂ ಆಗುತ್ತದೆ. ಕಾದರೂ ಆಗದವು ಇವೆಯಲ್ಲ, ತೊಡಕು ಅಲ್ಲಿದೆ.

2015ರಲ್ಲಿ ಹರಿಯಾಣ ತನ್ನ ಪಂಚಾಯಿತಿ ಕಾನೂನನ್ನು ತಿದ್ದಿತು. ಸಾಮಾನ್ಯ ವರ್ಗದ ಗಂಡಸು ಹತ್ತನೇ ತರಗತಿ ಪಾಸಾಗಿರಬೇಕು. ಹೆಂಗಸರು, ಪರಿಶಿಷ್ಟ ಜಾತಿಯವರು ಎಂಟನೇದು. ಪಂಚ್ (ಪಂಚಾಯಿತಿ ಸದಸ್ಯ) ಸ್ಥಾನಕ್ಕೆ ನಿಲ್ಲುವ ಪರಿಶಿಷ್ಟ ಜಾತಿಯ ಮಹಿಳೆ ಐದನೇದು. ಮನೆಯಲ್ಲಿ ಶೌಚಾಲಯ ಇರಬೇಕು, ಕರೆಂಟ್ ಬಿಲ್ಲು, ಸಹಕಾರಿ ಸಾಲ ಬಾಕಿ ಇರಬಾರದು. ಡಿಸೆಂಬರಿನಲ್ಲಿ, ಈ ಕಾನೂನನ್ನು ಪ್ರಶ್ನಿಸಿದ ರಾಜಬಾಲಾ ಪ್ರಕರಣದ ತೀರ್ಪು ಬಂತು, ಸುಪ್ರೀಂ ಕೋರ್ಟು ಎಲ್ಲವನ್ನೂ ಎತ್ತಿಹಿಡಿಯಿತು. ಪರಿಶಿಷ್ಟ ಜಾತಿಯ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಣದಿಂದಾಚೆ ಉಳಿದರು. ಊರಿಗೆ ಶಾಲೆಯೇ ಬಾರದ ಕಾಲದಲ್ಲಿ ಬೆಳೆದವಳು ಐವತ್ತನೇ ವಯಸ್ಸಿನಲ್ಲಿ ಅಂಕಪಟ್ಟಿ ಎಲ್ಲಿಂದ ತರಬೇಕು? ಶಾಲೆ ಕೊಡದ ತಪ್ಪು ಸರ್ಕಾರದ್ದು, ದಂಡ ಆಕೆಗೆ. ಕಾನೂನು ಮಾಡಿದ ಶಾಸಕರಿಗೆ ಮಾತ್ರ ಓದಿನ ಷರತ್ತೇ ಇಲ್ಲ! ರಾಜಸ್ಥಾನದಲ್ಲೂ ಇಂಥದೇ ನಿಯಮ ಬಂತು, ಬೆನ್ನಿಗೇ ನಕಲಿ ಅಂಕಪಟ್ಟಿಯ ದೂರುಗಳೂ ಬಂದವು. 2019ರಲ್ಲಿ ಅದನ್ನು ಕೈಬಿಟ್ಟರು.

ಕಾನೂನು ನಡೆಸುವವರಿಗೆ ಅರ್ಹತೆ ಕೇಳುತ್ತೇವೆ, ಮಾಡುವವರಿಗೆ ಕೇಳುವುದಿಲ್ಲ ಎಂದು ಸಂವಿಧಾನ ಸಭೆಯಲ್ಲಿ ರಾಜೇಂದ್ರ ಪ್ರಸಾದರೂ ಕೊರಗಿದ್ದರು. ಗೌರವವಿಟ್ಟುಕೊಂಡೇ ಹೇಳುತ್ತೇನೆ, ಒಪ್ಪಲಾರೆ. ಓದು, ಆಸ್ತಿ, ಕ್ರಿಮಿನಲ್ ಕೇಸು ಎಲ್ಲವನ್ನೂ ಅಭ್ಯರ್ಥಿ ನಾಮಪತ್ರದ ಜೊತೆಗಿನ ನಮೂನೆ 26ರಲ್ಲಿ ಪ್ರಮಾಣ ಮಾಡಿ ಕೊಡುತ್ತಾರೆ. ಓದಿ ನೋಡಿ ಬೇಡ ಅನ್ನುವುದು ಮತದಾರರ ಕೆಲಸ.

ಕೈಲಾಗುವ ಷರತ್ತಿನ ಮಾತೇ ಬೇರೆ. ಆಸ್ಟ್ರೇಲಿಯಾದ ಆಗಿನ ಉಪಪ್ರಧಾನಿ ಬಾರ್ನಬಿ ಜಾಯ್ಸ್‌ಗೆ ತಂದೆಯ ಕಡೆಯಿಂದ ನ್ಯೂಜಿಲೆಂಡ್ ಪೌರತ್ವವೂ ಇತ್ತು. ಬೇರೆ ದೇಶದ ಪೌರತ್ವ ಇದ್ದವರು ಸಂಸತ್ತಿನಲ್ಲಿ ಇರುವಂತಿಲ್ಲ ಎನ್ನುವ ಅಲ್ಲಿನ ಸಂವಿಧಾನದ 44ನೇ ವಿಧಿಯಂತೆ 2017ರ ಅಕ್ಟೋಬರಿನಲ್ಲಿ ಸ್ಥಾನ ಹೋಯಿತು. ಆ ಪೌರತ್ವ ಬಿಟ್ಟುಕೊಟ್ಟು, ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಗೆದ್ದು ಬಂದರು.

ಇನ್ನು ನಮ್ಮ ಕರಡು. “ಪದಾಧಿಕಾರಿ ಪದವೀಧರರಾಗಿರಬೇಕು” ಎಂಬ ಸಾಲು ಹೋಗಲಿ. “ಐದು ವರ್ಷ ಸತತ ಸದಸ್ಯತ್ವ” ಎಂದಿದೆ; ಚಂದಾ ಒಂದು ತಿಂಗಳು ತಡವಾದರೆ ಸತತ ಮುರಿಯಿತೇ? ಒಂದು ವರ್ಷ ಸಾಕು, ಬಾಕಿ ಕಟ್ಟಲು ಗಡುವೂ ಇರಲಿ. ಅರ್ಹತೆಯನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು ಅನ್ನುವುದೂ ಇಲ್ಲ. ಭಾರತದಲ್ಲಿ ಅದು ನಾಮಪತ್ರ ಪರಿಶೀಲನೆಯ ದಿನ, ನಾವೂ ಹಾಗೇ ಬರೆಯೋಣ. ಸಣ್ಣಪುಟ್ಟ ಲೋಪಕ್ಕೆ ಅಲ್ಲಿ ನಾಮಪತ್ರ ತಿರಸ್ಕರಿಸುವಂತಿಲ್ಲ, ಆ ವಾಕ್ಯವನ್ನೂ ಸೇರಿಸಿ. ಎಲ್ಲಕ್ಕಿಂತ ದೊಡ್ಡ ತೂತು: ಪರಿಶೀಲನೆ ಹಾಲಿ ಸಮಿತಿಯ ಕೈಯಲ್ಲಿದೆ. ಮತ್ತೆ ನಿಲ್ಲುವವರೇ ಎದುರಾಳಿಯ ಅರ್ಜಿ ನೋಡಿದರೆ ನಿಯಮ ಎಷ್ಟೇ ಚೆನ್ನಾಗಿದ್ದರೂ ಜಗಳ ತಪ್ಪದು.

ಸರ್ವಸದಸ್ಯರ ಸಭೆ ಮುಂದಿನ ಭಾನುವಾರ ಬೆಳಗ್ಗೆ 10ಕ್ಕೆ. ಸಲಹೆಗಳು ಗುರುವಾರದೊಳಗೆ, ಬರಹದಲ್ಲಿ. ಮಕ್ಕಳ ಭಾಷಣ ಸ್ಪರ್ಧೆ ಅದೇ ಮಧ್ಯಾಹ್ನ 2ಕ್ಕೆ, ಹೆಸರು ಕೊಡದವರು ಇವತ್ತೇ ಕೊಡಿ. ಚುನಾವಣಾಧಿಕಾರಿಯಾಗಲು ಯಾರೂ ಮುಂದೆ ಬಂದಿಲ್ಲ. ತಾವು ನಿಲ್ಲದ ಒಬ್ಬರು, ಎಣಿಕೆಗೆ ಇಬ್ಬರು ಬೇಕು. ಈ ಪತ್ರಿಕೆಯ ಕರಡು ತಿದ್ದಲು ಕೂಡ ದಯವಿಟ್ಟು ಯಾರಾದರೂ ಬನ್ನಿ. ಕಾಗುಣಿತ ಬಂದರಾಯಿತು, ಅಂಕಪಟ್ಟಿ ಕೇಳುವುದಿಲ್ಲ.