ಅರ್ಥಧಾರಿಯ ಕಸುಬನ್ನೂ ಗೌರವದಿಂದ ಹೇಳೋಣ

ಮಾನ್ಯ ಸಂಪಾದಕರೇ,

ಪತ್ತನಾಜೆ (ತುಳುನಾಡಿನಲ್ಲಿ ತಿರುಗಾಟದ ಋತು ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತರೆ ನಮ್ಮ ಕಡೆ ತಾಳಮದ್ದಳೆ ಕೂಟಗಳ ಕಾಲ. ತಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಈ ಕೂಟಗಳ ವರದಿ ತಪ್ಪದೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ವರದಿಗಳಲ್ಲಿಯೂ ಸಂಘಗಳು ಅಚ್ಚು ಹಾಕಿಸುವ ಆಮಂತ್ರಣ ಪತ್ರಗಳಲ್ಲಿಯೂ ಒಂದು ಪದ್ಧತಿ ಬೇರೂರಿದೆ. ಅರ್ಥಧಾರಿಗಳಲ್ಲಿ, ಅಂದರೆ ಕೂಟದಲ್ಲಿ ಪಾತ್ರದ ಮಾತನ್ನು ಆಡುವವರಲ್ಲಿ, ವೈದ್ಯರು, ವಕೀಲರು, ಪ್ರಾಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು ಇದ್ದರೆ ಅವರ ಹೆಸರಿನ ಜೊತೆಗೆ ಉದ್ಯೋಗವೂ ಅಚ್ಚಾಗುತ್ತದೆ. ಕಲ್ಲು ಕಟ್ಟುವ ಮೇಸ್ತ್ರಿ, ರಿಕ್ಷಾ ಚಾಲಕ, ಮದುವೆ ಮನೆಗಳ ಅಡುಗೆಯವರು, ದರ್ಜಿ, ತೋಟದ ಕೆಲಸದವರು ಅದೇ ಚಾಪೆಯ ಮೇಲೆ ಕುಳಿತು ಅಷ್ಟೇ ಹೊತ್ತು ಅರ್ಥ ಹೇಳಿದರೂ ಅವರು ಬರಿಯ ‘ಸ್ಥಳೀಯ ಕಲಾವಿದರು’ ಆಗಿ ಉಳಿಯುತ್ತಾರೆ. ಇದು ಸಲ್ಲದು ಎಂದು ಹೇಳುವುದಕ್ಕಾಗಿ ಈ ಪತ್ರ.

ತಾಳಮದ್ದಳೆಯ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಚೆಂಡೆ ಮದ್ದಳೆಗಳ ಹಿಮ್ಮೇಳವಿರುತ್ತದೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ತಮ್ಮ ಪಾತ್ರದ ಮಾತನ್ನು ಆ ಕ್ಷಣಕ್ಕೆ ತಾವೇ ಕಟ್ಟಿ ಆಡುತ್ತಾರೆ. ಪದ್ಯ ಎಲ್ಲರಿಗೂ ಒಂದೇ. ಅರ್ಥ ಮಾತ್ರ ಹೇಳುವವನ ಓದಿನಿಂದಲೂ ಬದುಕಿನಿಂದಲೂ ಬರಬೇಕು. ಆದುದರಿಂದಲೇ ಅರ್ಥಧಾರಿ ಹಗಲಿನಲ್ಲಿ ಏನು ಕೆಲಸ ಮಾಡುತ್ತಾನೆ ಎಂಬುದು ಈ ಕಲೆಗೆ ಹೊರಗಿನ ವಿಚಾರವಲ್ಲ.

ಮಾತಿಗೆ ಆಧಾರವಾಗಿ ನಾನು ಕೇಳಿದ ಎರಡು ಕೂಟಗಳನ್ನು ನೆನೆಯುತ್ತೇನೆ. ಒಂದು ‘ಶರಸೇತು ಬಂಧನ’. ರಾಮನು ಕಪಿಗಳನ್ನು ಸೇರಿಸಿ ಕಲ್ಲು ಹೊರಿಸುವ ಬದಲು ಬಾಣಗಳಿಂದಲೇ ಸೇತುವೆ ಕಟ್ಟಬಹುದಿತ್ತಲ್ಲ ಎಂದು ಅರ್ಜುನ ಬೀಗುತ್ತಾನೆ; ಕಟ್ಟಿ ತೋರಿಸು, ಮುರಿದು ತೋರಿಸುತ್ತೇನೆ ಎಂದು ಹನುಮಂತ ಪಂಥ ಒಡ್ಡುತ್ತಾನೆ. ಅಂದು ಅರ್ಜುನನ ಅರ್ಥ ಹೇಳಿದವರು ಕಾಲೇಜಿನ ಉಪನ್ಯಾಸಕರು, ಹನುಮಂತನಾಗಿದ್ದವರು ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಅರ್ಜುನ ತನ್ನ ಧನುರ್ವಿದ್ಯೆಯನ್ನು ಶ್ಲೋಕಗಳ ಸಮೇತ ವರ್ಣಿಸಿ ಮುಗಿಸಿದ ಮೇಲೆ ಹನುಮಂತ ಕೇಳಿದ್ದು ಇಷ್ಟೇ: “ಬಾಣಕ್ಕೆ ಬಾಣ ತಾಗಿದೆ, ಆದರೆ ಒಂದನ್ನೊಂದು ಕಚ್ಚಿ ಹಿಡಿದಿಲ್ಲ. ನಾನು ನಡುವಿನಲ್ಲಿ ಕಾಲಿಟ್ಟರೆ ಆ ಭಾರವನ್ನು ದಡಕ್ಕೆ ಮುಟ್ಟಿಸುವವರು ಯಾರು? ನನ್ನ ಸ್ವಾಮಿಯ ಸೇತುವೆಯಲ್ಲಿ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲಿನ ಭಾರ ಹೊತ್ತಿತ್ತು.” ಉಪನ್ಯಾಸಕರು ಒಂದು ಗಳಿಗೆ ಸುಮ್ಮನಾದರು, ಅನಂತರ ಆ ಪ್ರಶ್ನೆಯನ್ನು ಹಿಡಿದುಕೊಂಡೇ ಸಂವಾದವನ್ನು ಬೆಳೆಸಿದರು. ಇಂತಹ ಪ್ರಶ್ನೆ ಯಾವ ಪುಸ್ತಕದಲ್ಲಿಯೂ ಸಿದ್ಧವಾಗಿ ಸಿಗುವುದಿಲ್ಲ.

ಇನ್ನೊಂದು ‘ಕೃಷ್ಣ ಸಂಧಾನ’. ಕೌರವನ ಅರ್ಥ ಹೇಳಿದವರು ನಿವೃತ್ತ ಗ್ರಾಮ ಲೆಕ್ಕಿಗರು. ಐದು ಊರುಗಳನ್ನಾದರೂ ಕೊಡು ಎಂದು ಕೃಷ್ಣ ಕೇಳಿದಾಗ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ಅಬ್ಬರಿಸುವುದು ವಾಡಿಕೆ. ಇವರು ಅಬ್ಬರಿಸಲಿಲ್ಲ. ಊರು ಕೊಟ್ಟರೆ ಆ ಊರಿಗೆ ಹೋಗುವ ದಾರಿ ಯಾರದು, ಎರಡು ಊರುಗಳಿಗೆ ನೀರುಣ್ಣಿಸುವ ಕೆರೆ ಯಾರದು, ದನ ಮೇಯುವ ಬಯಲನ್ನು ಎಲ್ಲಿಗೆ ತುಂಡರಿಸುವುದು ಎಂದು ಒಂದೊಂದಾಗಿ ಕೇಳುತ್ತಾ ಹೋಗಿ, ಹೀಗೆ ಕೊಟ್ಟ ಐದು ಊರುಗಳು ಐವತ್ತು ಜಗಳಗಳನ್ನು ಹುಟ್ಟಿಸುತ್ತವೆ ಎಂಬಲ್ಲಿಗೆ ತಂದು ನಿಲ್ಲಿಸಿದರು. ಅನ್ಯಾಯದ ಪಕ್ಷ ಎಷ್ಟು ತರ್ಕಬದ್ಧವಾಗಿ ಮಾತಾಡಬಲ್ಲದು ಎಂಬುದು ಸಭೆಗೆ ಅಂದು ಮನದಟ್ಟಾಯಿತು. ಗಮನಿಸಬೇಕಾದ ಅಂಶವೆಂದರೆ ಪಹಣಿ, ಸರ್ವೆ ನಂಬರು ಮುಂತಾದ ಕಚೇರಿಯ ಒಂದು ಪದವೂ ಅವರ ಬಾಯಿಂದ ಬರಲಿಲ್ಲ. ಕಸುಬಿನ ಪರಿಭಾಷೆ ಪುರಾಣಲೋಕದೊಳಗೆ ನುಗ್ಗಿದರೆ ರಸಭಂಗವಾಗುತ್ತದೆ. ಕಸುಬಿನ ಅನುಭವ ಪಾತ್ರದ ಮಾತಾಗಿ ಬಂದರೆ ಪಾತ್ರ ಬೆಳೆಯುತ್ತದೆ. ಈ ವಿವೇಕ ಉಳ್ಳವರೇ ಒಳ್ಳೆಯ ಅರ್ಥಧಾರಿಗಳು ಎಂಬುದು ನನ್ನ ಅಭಿಪ್ರಾಯ.

ಈ ಕಲೆಯ ದೊಡ್ಡ ಹೆಸರುಗಳನ್ನು ನೋಡಿದರೂ ಇದೇ ವೈವಿಧ್ಯ ಕಾಣುತ್ತದೆ. ದೇರಾಜೆ ಸೀತಾರಾಮಯ್ಯನವರು ಕೃಷಿಕರಾಗಿದ್ದವರು, ಡಾ. ಎಂ. ಪ್ರಭಾಕರ ಜೋಶಿಯವರು ವಾಣಿಜ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು, ವಿದ್ವಾನ್ ಉಮಾಕಾಂತ ಭಟ್ಟ ಕೆರೇಕೈ ಅವರು ಮೇಲುಕೋಟೆಯಲ್ಲಿ ಸಂಸ್ಕೃತ ಬೋಧಿಸಿದವರು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ನೌಕರರ ಕೊಡುಗೆಯೂ ಸಣ್ಣದಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ ಬ್ಯಾಂಕುಗಳಲ್ಲಿ ಕೆಲಸ ಸಿಕ್ಕಿದ ಇಲ್ಲಿಯ ಯುವಕರು ವರ್ಗವಾದ ಊರುಗಳಿಗೆ ಈ ಹವ್ಯಾಸವನ್ನೂ ಒಯ್ದರು. ಆ ಪೈಕಿ ಮೂರು ಬ್ಯಾಂಕುಗಳು 2019 ಮತ್ತು 2020ರಲ್ಲಿ ವಿಲೀನಗೊಂಡು ಹೆಸರು ಕಳೆದುಕೊಂಡಿವೆಯಾದರೂ ಅವುಗಳ ನಿವೃತ್ತ ನೌಕರರು ಇಂದಿಗೂ ಅನೇಕ ಸಂಘಗಳ ಲೆಕ್ಕಪತ್ರ ಬರೆಯುತ್ತಾ, ಅರ್ಥವನ್ನೂ ಹೇಳುತ್ತಾ ಇದ್ದಾರೆ. ಮುಂಬೈಗೆ ಹೋಗಿ ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ನಮ್ಮವರು ಅಲ್ಲಿಯೂ ಯಕ್ಷಗಾನವನ್ನು ಉಳಿಸಿಕೊಂಡರು. ಇತ್ತೀಚೆಗೆ ಮಹಿಳಾ ಸಂಘಗಳು ಬಂದ ಮೇಲೆ ಶಿಕ್ಷಕಿಯರ ಪಕ್ಕದಲ್ಲಿ ಗೃಹಿಣಿಯರೂ ಬೀಡಿ ಕಟ್ಟುವವರೂ ಕುಳಿತು ದ್ರೌಪದಿಯ, ತಾರೆಯ ಮಾತನ್ನು ಆಡುತ್ತಿದ್ದಾರೆ.

ಇಷ್ಟಿದ್ದೂ ದಿನಗೂಲಿಯವರ ಸಂಖ್ಯೆ ಕೂಟಗಳಲ್ಲಿ ಕಡಿಮೆಯಾಗುತ್ತಿರುವುದು ನನ್ನನ್ನು ಚಿಂತೆಗೀಡುಮಾಡಿದೆ. ಹೆಸರಿನ ಜೊತೆ ಕಸುಬು ಅಚ್ಚಾಗದಿರುವುದು ಇದಕ್ಕಿರುವ ಒಂದೇ ಕಾರಣವಲ್ಲ. ಕೆಲಸದ ದಿನ ಮಧ್ಯಾಹ್ನ ಸಭಾಭವನದಲ್ಲಿ ಕೂಟ ಇಟ್ಟರೆ ನೌಕರನಿಗೆ ರಜೆ ಹಾಕುವ ಅವಕಾಶವಿದೆ, ಮೇಸ್ತ್ರಿಗೆ ಅಂದಿನ ಕೂಲಿ ಹೋಗುತ್ತದೆ. ದೂರದಿಂದ ಕರೆಸಿದ ಪ್ರಸಿದ್ಧರಿಗೆ ಸಂಭಾವನೆ, ಓಡಾಟದ ಖರ್ಚು ಎರಡೂ ಸಿಗುತ್ತವೆ. ಊರಿನವನಿಗೆ ಕೊನೆಯಲ್ಲಿ ಅರ್ಧ ಗಂಟೆಯ ಸಣ್ಣ ಪಾತ್ರ ಸಿಕ್ಕಿದರೆ ಹೆಚ್ಚು. ಪ್ರಸಿದ್ಧರನ್ನು ಕರೆಸಬಾರದೆಂದು ನಾನು ಹೇಳುವುದಿಲ್ಲ, ಅವರನ್ನು ಕೇಳಿಯೇ ನಾವೆಲ್ಲ ಕಲಿತವರು. ಆದರೆ ಊರಿನ ಸಂಘದ ವಾರದ ಕೂಟ ನಿಂತುಹೋಗಿ ವರ್ಷಕ್ಕೊಮ್ಮೆ ನಡೆಯುವ ಅದ್ದೂರಿ ಕೂಟ ಮಾತ್ರ ಉಳಿದರೆ ಮೇಸ್ತ್ರಿಯ ಹನುಮಂತ, ಲೆಕ್ಕಿಗರ ಕೌರವ ತಯಾರಾಗುವ ಜಾಗವೇ ಇಲ್ಲದಾಗುತ್ತದೆ.

ಆದಕಾರಣ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಹೀಗಿದೆ. ವಾರದ ಕೂಟವನ್ನು ದುಡಿಯುವವರು ಮನೆಗೆ ಮರಳಿ ಸ್ನಾನ, ಊಟ ಮುಗಿಸಿ ಬರಬಹುದಾದ ಹೊತ್ತಿಗೆ ಇಟ್ಟು, ಮರುದಿನದ ಕೆಲಸಕ್ಕೆ ಅಡ್ಡಿಯಾಗದ ಹಾಗೆ ಮುಗಿಸಬೇಕು. ಆಮಂತ್ರಣದಲ್ಲಿಯೂ ಸನ್ಮಾನ ಪತ್ರದಲ್ಲಿಯೂ ಅರ್ಥಧಾರಿಯನ್ನು ಕೇಳಿ, ಅವರು ಒಪ್ಪಿದರೆ, ಅವರ ಕಸುಬನ್ನು ವೈದ್ಯರ ಮತ್ತು ವಕೀಲರ ಉದ್ಯೋಗದ ಸಾಲಿನಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ಯಕ್ಷಗಾನ ಅಕಾಡೆಮಿಯು ಹವ್ಯಾಸಿ ಕಲಾವಿದರ ಮಾತುಗಳನ್ನು ದಾಖಲಿಸಿಕೊಳ್ಳುವಾಗ ಅವರ ಗುರುಗಳು ಯಾರು, ಯಾವ ಪಾತ್ರಗಳಲ್ಲಿ ಹೆಸರು ಮಾಡಿದ್ದಾರೆ ಎಂದು ಕೇಳುವುದರ ಜೊತೆಗೆ ಹೊಟ್ಟೆಪಾಡಿಗೆ ಏನು ಮಾಡಿದರು, ಆ ಕೆಲಸ ಅವರ ಅರ್ಥಕ್ಕೆ ಏನನ್ನು ಕೊಟ್ಟಿತು ಎಂದೂ ಕೇಳಲಿ. ತಮ್ಮ ಪತ್ರಿಕೆಯೂ ಕೂಟಗಳ ವರದಿಯಲ್ಲಿ ಇದೇ ಕ್ರಮವನ್ನು ಪಾಲಿಸಬೇಕೆಂದು ಕೋರುತ್ತೇನೆ; ವರದಿಗಾರರು ಸಂಘಟಕರಿಂದ ಪಟ್ಟಿ ಪಡೆಯುವಾಗ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಹವ್ಯಾಸಿ ಅರ್ಥಧಾರಿ,
ಪುತ್ತೂರು ತಾಲೂಕು, ದಕ್ಷಿಣ ಕನ್ನಡ